ಏಣಿ ಬಿಟ್ಟ ಕೈ

ಎರಡು ವರ್ಷದ ಹಿಂದಿನ ಡಿಸೆಂಬರ್. ಕೊಳ್ಳೇಗಾಲದಲ್ಲಿ ನನ್ನ ಶಾಮಿಯಾನ ಮತ್ತು ಲೈಟಿಂಗ್ ಅಂಗಡಿಗೆ ಆಗ ಇಪ್ಪತ್ತೆಂಟು ವರ್ಷ ತುಂಬಿತ್ತು. ಶುರುವಿನಲ್ಲಿ ಬೇರೆಯವರ ಅಂಗಡಿಯಲ್ಲಿ ಕುರ್ಚಿ ಹೊತ್ತವನು ನಾನು. ಮಾತು ಕಲಿತದ್ದರಿಂದ ಮೇಲೆ ಬಂದೆ. ಯಳಂದೂರಿನ ಮದುವೆಯಾಗಲಿ, ಹನೂರಿನ ಸಭೆಯಾಗಲಿ, ಚೌಕಾಸಿಯಲ್ಲಿ ನನ್ನನ್ನು ಸೋಲಿಸಿ ಹೋದವರು ಕಡಿಮೆ.

ನಾನು ಹುಟ್ಟು ಕ್ರೈಸ್ತ. ಆದರೆ ಅಷ್ಟು ವರ್ಷವೂ ಕ್ರಿಸ್‌ಮಸ್ ಪೂಜೆ ಕೇಳಿದ್ದು ಚರ್ಚಿನ ಹೊರಗೆ, ಜನರೇಟರ್ ಪಕ್ಕದಲ್ಲಿ ನಿಂತು. ಒಳಗೆ ದೀಪ ಆರಿದರೆ ಜನ ಹುಡುಕುವುದು ನನ್ನನ್ನು.

ಆ ವರ್ಷ ಹನೂರಿನಾಚೆ ಕಾಡಂಚಿನ ಒಂದು ಚರ್ಚಿನ ಕೆಲಸ ಒಪ್ಪಿಕೊಂಡಿದ್ದೆ. ಮುಂದೆ ಪೆಂಡಾಲು, ಬಾಲಯೇಸುವಿನ ಗೋದಲಿಗೆ ದೀಪ, ಗೋಪುರದ ತುದಿಗೆ ಆರಡಿ ನಕ್ಷತ್ರ. ಮೂರು ರಾಯರ ಹಬ್ಬ ಮುಗಿಯುವವರೆಗೆ, ಅಂದರೆ ಜನವರಿ ಆರರವರೆಗೆ, ಎಲ್ಲವೂ ಹಾಗೇ ಇರಬೇಕು. ಮೇಲೆ ಹತ್ತುವ ಕೆಲಸ ರಾಯಪ್ಪನದು. ಲೊಕ್ಕನಹಳ್ಳಿ ಕಡೆಯವನು, ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಇದ್ದವನು. ಮೊದಲು ಚೆನ್ನಾಗಿ ಕುಡಿಯುತ್ತಿದ್ದ. ಆ ಡಿಸೆಂಬರಿಗೆ ನಾಲ್ಕು ವರ್ಷದ ಕೆಳಗೆ ಅದೇ ಚರ್ಚಿನಲ್ಲಿ, ಊರಿನವರೆಲ್ಲರ ಎದುರು, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ನಡೆಸಿಕೊಂಡು ಬಂದಿದ್ದ.

ಡಿಸೆಂಬರ್ ಇಪ್ಪತ್ತೆರಡು, ಮಧ್ಯಾಹ್ನ ಮೂರು ಗಂಟೆ. ನಕ್ಷತ್ರ ಕಟ್ಟುವುದೊಂದೇ ಬಾಕಿ. ಇಪ್ಪತ್ತಡಿಯ ಅಲ್ಯುಮಿನಿಯಂ ಏಣಿ, ಕೆಳಗೆ ನುಣ್ಣನೆಯ ಗ್ರಾನೈಟ್ ನೆಲ. ಇಂಥ ಕಡೆ ಕೆಳಗೊಬ್ಬ ಏಣಿ ಹಿಡಿದೇ ಇರಬೇಕು. ಅದು ನಮ್ಮ ಕೆಲಸದ ಹುಡುಗ ಮಾದೇವನ ಪಾಲಿನದು.

“ಮಾದೇವ ಬರ್ಲಿ ತಡಿ ಅಣ್ಣ. ಊಟಕ್ಕೋಗವ್ನೆ,” ಅಂದ ರಾಯಪ್ಪ.

“ಅವನು ಮುದ್ದೆ ಮುಗಿಸೋಷ್ಟರಲ್ಲಿ ಹೊತ್ತು ಮುಳುಗ್ತದೆ ಕಣ್ಲಾ. ಹತ್ತು, ನಾನು ಇಡ್ಕತೀನಿ.”

ಹತ್ತಿದ. ನಾನು ಎರಡೂ ಕೈಯಲ್ಲಿ ಏಣಿ ಹಿಡಿದಿದ್ದೆ. ಅಷ್ಟರಲ್ಲಿ ಯಳಂದೂರಿನ ಮದುವೆಯವರ ಫೋನು ಬಂತು. ಮಾತು ದರಕ್ಕೆ ತಿರುಗಿತು. ದರ ಅಂದರೆ ನನಗೆ ಒಂದು ಕೈಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಸಿಗ್ನಲ್ ಸರಿಯಿಲ್ಲವೆಂದು ನಾಲ್ಕು ಹೆಜ್ಜೆ ಆಚೆಗೂ ಹೋದೆ. ಹಿಂದೆ ಏಣಿ ನೆಲದ ಮೇಲೆ ಉಜ್ಜಿದ ಶಬ್ದ ಕೇಳಿತು. ತಿರುಗುವಷ್ಟರಲ್ಲಿ ರಾಯಪ್ಪ ಕೆಳಗೆ ಬಿದ್ದಿದ್ದ.

ತೊಡೆಯ ಮೂಳೆ ಮುರಿದಿತ್ತು. ಕೊಳ್ಳೇಗಾಲದಲ್ಲಿ ಎಕ್ಸ್‌ರೇ ತೆಗೆಸಿ ಮೈಸೂರಿಗೆ ಸಾಗಿಸಿದೆವು. ಅಲ್ಲಿ ಒಳಗೆ ರಾಡ್ ಹಾಕಿದರು. ಆರು ವಾರ ಕಾಲೂರುವಂತಿಲ್ಲ, ಏಣಿ ಹತ್ತುವುದನ್ನಂತೂ ಮರೆಯಬೇಕು ಎಂದರು ಡಾಕ್ಟರ್. ಚಿಕಿತ್ಸೆಯ ಖರ್ಚು ನಾನೇ ನೋಡಿಕೊಂಡೆ. ಅದರಲ್ಲಿ ಕೊಸರಾಡಲಿಲ್ಲ.

ತಪ್ಪು ನಡೆದದ್ದು ಬೇರೆ ಕಡೆ. ಹೇಗೆ ಬಿದ್ದ ಎಂದು ಜನ ಕೇಳಿದಾಗ ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು: “ಕಾಲು ಜಾರ್ತು.” ಕೈ ಬಿಟ್ಟದ್ದನ್ನು ಕೆಳಗೆ ಯಾರೂ ನೋಡಿರಲಿಲ್ಲ. ಹಬ್ಬದ ದಿನಗಳಲ್ಲಿ ಆ ಮಾತಿಗೆ ಬಾಲ ಬೆಳೆಯಿತು. ಕ್ರಿಸ್‌ಮಸ್ ಅಲ್ವಾ, ಹಾಕ್ಕೊಂಡಿದ್ದ ಅನ್ಸುತ್ತೆ ಎಂದರು. ನಾಲ್ಕು ವರ್ಷ ಜೋಪಾನ ಮಾಡಿದ ಮಾತನ್ನು ರಾಯಪ್ಪ ಮುರಿದನೆಂದು ಊರೇ ನಂಬಿತು. ಅವನ ಹೆಂಡತಿ ಲೂರ್ದಮ್ಮನೂ ನಂಬಿದಳು. ಅದು ನನ್ನ ಕಿವಿಗೂ ಬಿತ್ತು. ನಾನು ಅಲ್ಲವೆನ್ನಲಿಲ್ಲ.

ಬದಲಿಗೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ದೇವರ ಹತ್ತಿರ ತೋರಿಸಿದೆ. ಒಪ್ಪಂದದಲ್ಲಿಲ್ಲದ ಸೀರಿಯಲ್ ಸೆಟ್, ಅಂದರೆ ಒಂದೇ ವೈರಿಗೆ ಸಾಲಾಗಿ ಪೋಣಿಸಿದ ಸಣ್ಣ ಬಲ್ಬುಗಳು, ಚರ್ಚಿನ ಸುತ್ತ ಬಿಟ್ಟಿಯಾಗಿ ಕಟ್ಟಿಸಿದೆ. ಗೋದಲಿಗೆ ನೀರು ಹರಿಯುವ ತೊರೆ ಮಾಡಿಸಿದೆ. ಜನರೇಟರ್ ಪಕ್ಕದಲ್ಲಿ ನಿಂತು, “ಸ್ವಾಮಿ, ನನ್ನ ಕಡೆಯಿಂದ ಇಷ್ಟು. ನಿನ್ನ ಕಡೆಯಿಂದ ರಾಯಪ್ಪನ ಕಾಲು, ನನಗೆ ನಿದ್ದೆ,” ಎಂದು ಪ್ರಾರ್ಥಿಸಿದೆ. ಇಡೀ ಸೀಮೆಯ ಜನ ದೀಪ ನೋಡಲು ಬಂದರು. ನನಗೆ ನಿದ್ದೆ ಬರಲಿಲ್ಲ.

ಆಸ್ಪತ್ರೆಗೆ ಮೂರು ಸಲ ಹೋದೆ. ಮೂರು ಸಲವೂ ಕಿತ್ತಳೆ ಕೊಟ್ಟು, ದೇವರು ನೋಡ್ಕೊಳ್ತಾನೆ ಬುಡು ಎಂದು ಹೇಳಿ ಬಂದೆ. ರಾಯಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

ಜನವರಿ ಏಳರಂದು ಪೆಂಡಾಲು ಬಿಚ್ಚಿದೆವು. ಹಾಕಲು ಎರಡು ದಿನ ಹಿಡಿದದ್ದು ಬಿಚ್ಚಲು ಅರ್ಧ ದಿನ. ಹುಲ್ಲು, ಬಣ್ಣದ ಕಾಗದ ಗುಡಿಸಿಯಾಯಿತು. ಬಾಲಯೇಸುವಿನ ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಮಾಡಲು ಏನೂ ಉಳಿಯದಿದ್ದಾಗ ಏಣಿ ಬಿಟ್ಟದ್ದೊಂದೇ ತಲೆಯಲ್ಲಿ ಉಳಿಯಿತು. ಹಬ್ಬದ ಗದ್ದಲದಲ್ಲಿ ಅದನ್ನು ಹೇಗೋ ಮರೆಸಿಕೊಂಡಿದ್ದೆ. ಫಾದರ್ ಜಗುಲಿಯ ಮೇಲೆ ಕೂತಿದ್ದರು. ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನನ್ನ ದೂರನ್ನೂ ಸೇರಿಸಿದೆ: “ನಾನು ಇಷ್ಟು ಮಾಡ್ದೆ ಫಾದರ್. ಆ ಕಡೆಯಿಂದ ಒಂದು ಗುಟುಕು ನೆಮ್ಮದಿ ಬರ್ಲಿಲ್ಲ.”

ಅವರು ಕೇಳಿದ್ದು ಒಂದೇ ಪ್ರಶ್ನೆ. “ಬಿದ್ದವನು ರಾಯಪ್ಪ. ನೀವು ಹದಿನಾರು ದಿನದಿಂದ ಮಾತಾಡ್ತಿರೋದು ದೇವರ ಹತ್ರ. ರಾಯಪ್ಪನ ಹತ್ರ ಏನು ಹೇಳಿದ್ರಿ ಅಂತೋಣಿಯವರೇ?”



ಮರುದಿನ ರಾಯಪ್ಪನ ಮನೆಗೆ ಹೋದೆ. ಡಿಸ್ಚಾರ್ಜ್ ಆಗಿ ನಾಲ್ಕು ದಿನವಾಗಿತ್ತು. ಜಗುಲಿಯ ಮಂಚದ ಮೇಲೆ ಮಲಗಿದ್ದ, ಕೈಯಲ್ಲಿ ಜಪಸರ. ಲೂರ್ದಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆಂದು ನನಗೆ ನನ್ನ ಬಗ್ಗೆ ಗೊತ್ತು.

“ಕಾಲು ಜಾರ್ಲಿಲ್ಲ ಲೂರ್ದಮ್ಮ. ಏಣಿ ಹಿಡಿದಿದ್ದೋನು ನಾನು. ಫೋನ್ ಬಂತು, ಕೈ ಬಿಟ್ಟೆ. ಇವನು ಕುಡಿದಿರ್ಲಿಲ್ಲ.”

ಅವಳ ಕೈ ಮೊರದಲ್ಲೇ ನಿಂತಿತು. ರಾಯಪ್ಪ ಜಪಸರ ಪಕ್ಕಕ್ಕಿಟ್ಟ.

“ಗೊತ್ತಿತ್ತು ಕಣಣ್ಣ. ಮ್ಯಾಲಿಂದ ಎಲ್ಲಾ ಕಾಣ್ತದೆ. ಫೋನ್ನ ಕಿವಿಗಿಟ್ಕಂಡು ಕೈ ಆಡುಸ್ಕಂಡು ಓಯ್ತಿದ್ದೆ.”

“ಮತ್ತೆ ಯಾಕ್ಲಾ ಹೇಳ್ಲಿಲ್ಲ?”

“ನೀನೇ ಏಳ್ಲಿ ಅಂತ.”

“ನಾನು ಹೇಳ್ದೇ ಇದ್ದಿದ್ರೆ?”

“ನಿನ್ ಅಂಗ್ಡಿ ಬಾಗ್ಲು ತುಳೀತಿರ್ಲಿಲ್ಲ. ಅಷ್ಟೆಯ.”

ಲೂರ್ದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ದಿನಾ ಬೈದಿವ್ನಿ ಕಣಣ್ಣ ಈ ಮನುಸನ್ನ, ಕುಡ್ದಿದ್ದೆ ಅಂತ ಒಪ್ಕೋ ಅಂತ. ಆ ಬೈಗಳೆಲ್ಲ ನಿಮ್ಗೆ ಸೇರ್ಬೇಕಾದ್ದು.”

“ಹಂಗಾದ್ರೆ ಈಗ ಬೈಯಮ್ಮ.”

“ಬೈತೀನಿ ಬುಡಿ, ಎಲ್ಲೋದದು. ಮೊದ್ಲು ಕಾಪಿ ಕುಡೀರಿ.”

ಕಾಫಿ ಕುಡಿಯುತ್ತ, ಮಲಗಿದಲ್ಲೇ ಹೊತ್ತು ಹೇಗೆ ಕಳೆಯುತ್ತೀಯ ಎಂದು ಕೇಳಿದೆ. “ಮುಂಚೆ ಜಪಸರ ಇಡುದ್ರೆ ಅರ್ಧಕ್ಕೇ ನಿದ್ದೆ ಬಂದ್ಬುಡೋದು. ಈಗ ಪೂರ್ತಿ ಮುಗೀತದೆ. ಊರೋರು ಏನಾರ ಅಂದ್ಕಳ್ಳಿ, ನಾನು ಕುಡ್ದಿಲ್ಲ ಅಂತ ಅವ್ನಿಗೆ ಗೊತ್ತಲ್ಲ,” ಎಂದು ರಾಯಪ್ಪ ಮೇಲೆ ನೋಡಿದ. ಕಾಲು ಮುರಿದವನ ಮುಖದಲ್ಲಿ ನೆಮ್ಮದಿಯಿತ್ತು. ಎರಡು ಕಾಲೂ ಗಟ್ಟಿಯಿದ್ದ ನನಗೆ ಇರಲಿಲ್ಲ. ಅದನ್ನು ನಾನು ಕಳೆದುಕೊಂಡದ್ದು “ಕಾಲು ಜಾರ್ತು” ಅಂದ ಆ ಮಾತಿನಲ್ಲಿ ಎಂದು ಆಗ ಅರ್ಥವಾಯಿತು.

ಮನೆಯಲ್ಲಿ ಹೇಳಿದರೆ ಸಾಲದು, ಮಾತು ಊರಲ್ಲಿ ಹರಡಿದೆ. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಅನುಮತಿ ಪಡೆದು ಎದ್ದು ನಿಂತೆ. ಎರಡೇ ವಾಕ್ಯ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದ್ದೂ ಅಲ್ಲ. ಹಿಂದಿನ ಸಾಲಿನ ಒಬ್ಬ ಯಜಮಾನರು, “ಕೊಳ್ಳೇಗಾಲದೋರ್ಗೆ ಸುಳ್ಳು ಬ್ಯಾಗ್ನೆ ಬತ್ತದೆ, ನಿಜ ಏಳಕ್ಕೆ ಹಬ್ಬ ಕಳೀಬೇಕು,” ಎಂದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಆದರೆ ಹೊರಗೆ ಬಂದಾಗ ಆ ಯಜಮಾನರೇ ರಾಯಪ್ಪನನ್ನು ನೋಡಿಕೊಂಡು ಬರಲು ನಾಲ್ಕು ಜನರನ್ನು ಕರೆದುಕೊಂಡು ಹೊರಟಿದ್ದರು. ನನಗೆ ಬೇಕಾಗಿದ್ದದ್ದು ಅದು.

ರಾಯಪ್ಪ ಈಗ ಕೋಲೂರಿಕೊಂಡು ನಡೆಯುತ್ತಾನೆ. ಹತ್ತುವುದಿಲ್ಲ. ಕೆಳಗೆ ನಿಂತು ಹುಕುಂ ಕೊಡುತ್ತಾನೆ. ಅವನು ಸರಿ ಎನ್ನುವ ತನಕ ನಾನು ಹೇಳಿದರೂ ಯಾರೂ ಹತ್ತುವಂತಿಲ್ಲ. ಕೆಲಸದ ಜಾಗದಲ್ಲಿ ಎಲ್ಲರ ಫೋನೂ, ನನ್ನದೂ ಸೇರಿ, ಗಾಡಿಯಲ್ಲೇ ಇರುತ್ತದೆ. ಈ ಕಸುಬಿನಲ್ಲಿರುವವರಿಗೆ ನನ್ನ ಮೊದಲ ಸಲಹೆ ಇದು.

ಆಮೇಲೆ ನಾನು ಹಬ್ಬವಿಲ್ಲದ ದಿನಗಳಲ್ಲೂ ಪೂಜೆಗೆ ಹೋಗತೊಡಗಿದೆ. ಅದೇ ಜನವರಿಯ ಒಂದು ಬುಧವಾರ ಬೆಳಿಗ್ಗೆ ಒಳಗೆ ಇದ್ದವರು ಒಂಬತ್ತು ಜನ. ಒಂದು ಟ್ಯೂಬ್‌ಲೈಟು, ಎರಡು ಮೇಣದ ಬತ್ತಿ. ನಾನು ದೇವರಿಗೆ ಏನೂ ಕೊಡುವೆನೆನ್ನಲಿಲ್ಲ, ಏನೂ ಕೇಳಲಿಲ್ಲ. ಸುಮ್ಮನೆ ಮೊಣಕಾಲೂರಿದ್ದೆ. ಪೂಜೆ ಮುಗಿದರೂ ಏಳಬೇಕು ಅನ್ನಿಸಲಿಲ್ಲ.

ಇಪ್ಪತ್ತೆಂಟು ವರ್ಷದ ವ್ಯಾಪಾರ ಕಲಿಸದಿದ್ದುದನ್ನು ಆ ಒಂದು ಕೆಲಸ ಕಲಿಸಿತು. ನಿಮ್ಮ ಕೈಯಿಂದ ಒಬ್ಬರಿಗೆ ಪೆಟ್ಟಾದರೆ ಹರಕೆ ಹೊರುವ ಮುಂಚೆ ಅವರ ಮನೆಗೆ ಹೋಗಿ. ನಾನು ಹದಿನೇಳು ದಿನ ತೆಗೆದುಕೊಂಡೆ. ನೀವು ಆ ಸಂಜೆಯೇ ಹೋಗಿ. ಬೈದರೆ ಬೈಸಿಕೊಳ್ಳಿ, ಕಾಫಿ ಕೊಟ್ಟರೆ ಕುಡಿಯಿರಿ.