ಯಾರೂ ಹತ್ತದ ಮನೆಯ ಮುಂದೆ ಹಾರ್ನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲಾ ಬಸ್ಸಿನ ಗಾಜಿನ ಮೇಲೆ ಕೂತ ಮಂಜನ್ನು ಹಾರ್ನ್ ಅಕ್ಕ ಹಳೆಯ ಟವೆಲಿನಿಂದ ಒರೆಸುತ್ತಿದ್ದಾರೆ. ಇಂಜಿನ್ ಎರಡು ಸಲ ಕೆಮ್ಮುತ್ತದೆ. "ನನಗಿಂತ ಇದಕ್ಕೇ ವಯಸ್ಸಾಗಿದೆ, ಅದನ್ನ ಬೈಬೇಡಿ," ಎಂದು, ಅವರ ಬಗ್ಗೆ ಬರೆಯಲು ಬಂದು ಮುಂದಿನ ಸೀಟಿನಲ್ಲಿ ಕೂತ ನನ್ನನ್ನು ಗದರಿಸಿ ಹೊರಡುತ್ತಾರೆ.

ಹಾರ್ನ್ ಅಕ್ಕ ಎಂಬ ಹೆಸರು ಮಕ್ಕಳೇ ಇಟ್ಟದ್ದು. ಕಣಿವೆಯ ತುದಿಯಿಂದ ಪೇಟೆಯ ಶಾಲೆಯವರೆಗೆ ಹನ್ನೊಂದು ವರ್ಷಗಳಿಂದ ಬಸ್ಸು ಓಡಿಸುತ್ತಿರುವ ಈಕೆ ಒಂದೊಂದು ಮನೆಗೆ ಒಂದೊಂದು ಬಗೆಯ ಹಾರ್ನ್ ಹೊಡೆಯುತ್ತಾರೆ. ಬೇಕರಿಯವರ ಮಗನಿಗೆ ಒಂದೇ ಸಲ. ಅವನು ಬಾಗಿಲಲ್ಲೇ ಕಾಯುತ್ತಿರುತ್ತಾನೆ. ಮೀನು ಕಾರ್ಖಾನೆಯ ವಸತಿಯಲ್ಲಿದ್ದ ಅವಳಿ ಹುಡುಗಿಯರಿಗೆ ಎರಡು ಗಿಡ್ಡ, ಒಂದು ಉದ್ದ. "ಕುಂಭಕರ್ಣನ ವಂಶದವರು ಅವರು. ಉದ್ದದ್ದು ಕೇಳಿದ ಮೇಲೇನೇ ಕಾಲಿಗೆ ಶೂ ಹಾಕ್ಕೊಳ್ಳೋದು."

ಆ ವಸತಿ ಈಗ ಮುಕ್ಕಾಲು ಪಾಲು ಖಾಲಿ. ಊರಿನವರು ಮೂಗು ಮುರಿದ ಕೆಲಸಕ್ಕೆಂದು ಹೊರದೇಶಗಳಿಂದ ಕರೆಸಿಕೊಂಡ ಕಾರ್ಮಿಕರು ಅಲ್ಲಿ ಸಂಸಾರ ಹೂಡಿದ್ದರು. ಕಳೆದ ವರ್ಷ ರಾಜಧಾನಿ ಹೊಸ ನಿಯಮ ತಂದಿತು: ದುಡಿಯುವವರು ಇರಬಹುದು, ಹೆಂಡತಿ ಮಕ್ಕಳು ಇರುವಂತಿಲ್ಲ. ಕೈ ಬೇಕು, ಆ ಕೈ ಹಿಡಿದು ನಡೆಯುವ ಮಗು ಬೇಡ! ಮಹಾನಗರದಲ್ಲಿ ಜನ ಹೆಚ್ಚಾದರೆಂದು ಮಾಡಿದ ನಿಯಮವಂತೆ. ಜನವೇ ಸಾಲದ ಈ ಊರಿಗೂ ಅದೇ ಮದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಲವರು ಸಂಸಾರ ಸಮೇತ ಊರು ಬಿಟ್ಟರು, ಉಳಿದವರು ಒಂಟಿಯಾದರು.

ಇದರ ಪರಿಣಾಮ ತಿಳಿಯಲು ವರದಿ ಬೇಕಿಲ್ಲ, ಈ ಬಸ್ಸು ಸಾಕು. ತುಂಬಿ ತುಳುಕುತ್ತಿದ್ದ ಬಸ್ಸಿನಲ್ಲಿ ಈಗ ಒಂಬತ್ತು ಮಕ್ಕಳು. ಮಕ್ಕಳಿಲ್ಲವೆಂದು ಒಬ್ಬ ಶಿಕ್ಷಕಿಯನ್ನು ಬೇರೆಡೆಗೆ ಕಳಿಸಿದರು. ಮುಂದಿನ ತಿಂಗಳಿನಿಂದ ಬಸ್ಸೂ ನಿಲ್ಲುತ್ತದೆ. ಉಳಿದ ಒಂಬತ್ತೂ ಇದೇ ಮಣ್ಣಿನಲ್ಲಿ ಹುಟ್ಟಿದವರ ಮಕ್ಕಳು. ನಿಯಮ ತಂದವರು ಯಾರನ್ನು ಕಾಪಾಡುತ್ತೇವೆಂದು ಭಾಷಣ ಬಿಗಿದರೋ ಅವರಿಗೇ ಈಗ ಬಸ್ಸಿಲ್ಲ. ಬರೆಯುವಾಗ ನನಗೆ ಮೈ ಉರಿಯುತ್ತದೆ. ಹಾರ್ನ್ ಅಕ್ಕನಿಗೂ ಅಷ್ಟೇ. "ನಿಯಮ ಮಾಡಿದೋರು ಒಂದಿನ ನನ್ನ ಬಸ್ಸಲ್ಲಿ ಬರ್ಲಿ. ಬೇಕಾದಷ್ಟು ಸೀಟಿದೆ, ಆರಾಮಾಗಿ ಕೂತ್ಕೋಬೋದು."

ಬಸ್ಸು ವಸತಿಯ ಮುಂದೆ ನಿಧಾನವಾಗುತ್ತದೆ. ಇಲ್ಲಿ ಹತ್ತುವವರು ಯಾರೂ ಇಲ್ಲ. ಅವಳಿಗಳು ತಾಯಿಯೊಂದಿಗೆ ವಿಮಾನ ಹತ್ತಿದ ಮರುದಿನ, ಅಭ್ಯಾಸಬಲದಿಂದ ಅಕ್ಕನ ಕೈ ಹಾರ್ನ್ ಒತ್ತಿಬಿಟ್ಟಿತ್ತಂತೆ. ಬಾಗಿಲು ತೆರೆದು ಬಂದವನು, ಕೆಲಸಕ್ಕಾಗಿ ಒಬ್ಬನೇ ಉಳಿದ ಅವರ ಅಪ್ಪ. "ಜೀವ ಬಾಯಿಗೆ ಬಂತು ನನಗೆ. ತಪ್ಪಾಯ್ತು ತಮ್ಮಾ ಅಂದೆ. ಅವನು, 'ಅಕ್ಕಾ, ನಾಳೆನೂ ಹೊಡಿ' ಅಂದ."

ಇಂದೂ ಎರಡು ಗಿಡ್ಡ, ಒಂದು ಉದ್ದ. ರಬ್ಬರ್ ಬೂಟು ತೊಟ್ಟ ಆತ ಮೆಟ್ಟಿಲ ಮೇಲೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಾನೆ. ಅದರೊಳಗಿಂದ ಎರಡು ದನಿಗಳು ಒಟ್ಟಿಗೆ ಕೂಗುತ್ತವೆ: "ಬಂದ್ವಿ ಅಕ್ಕಾ, ಶೂ ಹಾಕ್ಕೋತಿದೀವಿ!"

ಬಸ್ಸಿನ ಮಕ್ಕಳು ನಗುತ್ತಾರೆ. ಅಕ್ಕ ಕನ್ನಡಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡು ಗೇರ್ ಹಾಕುತ್ತಾರೆ. ಮುಂದಿನ ತಿಂಗಳು ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಹೊಟ್ಟೆಪಾಡಿಗೆ ಹಾಲಿನ ವ್ಯಾನ್ ಇದೆ. ಅದಕ್ಕೆ ಮುಂಚೆ ದಿನಾ ಸ್ಕೂಟರಲ್ಲಿ ಇಲ್ಲಿಗೆ ಬರ್ತೀನಿ, ಹುಡುಗೀರು ವಾಪಸ್ ಬರೋವರೆಗೂ. ಹಾರ್ನ್ ಹೊಡೆಯೋಕೂ ಪರ್ಮಿಟ್ ಬೇಕು ಅಂದ್ರೆ, ಬಂದು ಹಿಡ್ಕೊಂಡು ಹೋಗ್ಲಿ."