ಸಕ್ಕರೆಯಿಲ್ಲದ ಪೇಡಕ್ಕೂ ಲೆಕ್ಕ ಕೇಳಿದ ವೈದ್ಯರು

ಮಧುಮೇಹಕ್ಕೆ ಔಷಧ ಬರೆದುಕೊಡುವವರು ಅನೇಕರು. ರೋಗಿಯ ತಟ್ಟೆಯ ಬಳಿ ಕುಳಿತು ತುತ್ತಿನ ವಿವರ ಕೇಳುವವರು ವಿರಳ. ಈ ೧೯೯೮ರಲ್ಲಿ ನಿವೃತ್ತರಾಗುತ್ತಿರುವ ಡಾ. ಆದಿನಾರಾಯಣಪ್ಪನವರು ಆ ವಿರಳರಲ್ಲೊಬ್ಬರು. ಆವತಿಯ ರೈತ ಮನೆತನದ ಅವರು ೧೯೮೭ರಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದಾಗ, ಕಾಫಿಗೆ ಸಕ್ಕರೆ ಹಾಕುವುದನ್ನು ಬಿಟ್ಟರೆ ಪಥ್ಯ ಮುಗಿಯಿತೆಂದು ನೇಕಾರರ ಕೇರಿ ನಂಬಿತ್ತು. ಮುದ್ದೆಯೂ ಅನ್ನವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತವೆಂದು ಮನೆಮನೆಗೆ ಹೋಗಿ ತಿಳಿಹೇಳಿದವರು ಅವರು.

೧೯೯೪ರಲ್ಲಿ ನೇಕಾರ ಬಚ್ಚಪ್ಪನವರ ಕಾಲ್ಬೆರಳಿನ ಹುಣ್ಣು ಮಾಯದೆ, ಬೆರಳನ್ನೇ ಕತ್ತರಿಸಬೇಕಾದೀತೆಂಬ ಮಾತು ಬಂದಿತು. ಮಾತ್ರೆ ತಪ್ಪಿರಲಿಲ್ಲ, ಆದರೂ ಸಕ್ಕರೆ ಇಳಿಯದು. ತಮ್ಮ ಚಿಕಿತ್ಸೆಯನ್ನೇ ಶಂಕಿಸಿದ ವೈದ್ಯರು ಒಂದು ಸಂಜೆ ಅವರ ಮನೆಗೇ ಹೋದರು. ಅಂದು ಮಗ್ಗಕ್ಕೆ ಹೊಸ ಹಾಸುನೂಲು ಏರಿತ್ತು. ಯಜಮಾನ ಮೊದಲು ಸಿಹಿ ತಿನ್ನದೆ ಮಗ್ಗ ಓಡಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಎರಡು ಪೇಡ ಮುಗಿಸಿದ ಬಚ್ಚಪ್ಪನವರು ಮತ್ತೊಂದಕ್ಕೆ ಕೈಚಾಚಿದ್ದರು.

“ಏನ್ರೀ ಬಚ್ಚಪ್ಪ ಇದು?”

“ಇದ್ಕೆ ಸಕ್ರೆ ಹಾಕಿಲ್ಲ ಸಾ, ಬೆಂಗ್ಳೂರಿಂದು. ದಿನಾ ಕಾಫಿ ಜೊತೆ ತಿಂತೀನಿ, ಏನೂ ಆಗಲ್ಲ.”

“ಹೊಟ್ಟೆ ಸರಿಯಿದ್ಯಾ?”

“ಅದೊಂದ್ ಕೇಳ್ಬೇಡಿ ಸಾ,” ಎಂದು ಹೆಂಡತಿ ನಾಗಲಕ್ಷ್ಮಮ್ಮ ನಕ್ಕರು. “ಮಗ್ಗಕ್ಕಿಂತ ಹಿತ್ತಲಲ್ಲೇ ಜಾಸ್ತಿ ಇರ್ತಾರೆ.”

ವೈದ್ಯರು ಡಬ್ಬಿಯನ್ನು ಬೆಳಕಿಗೆ ಹಿಡಿದರು. ಮೇಲೆ ದಪ್ಪ ಕನ್ನಡದಲ್ಲಿ ‘ಸಕ್ಕರೆ ಇಲ್ಲ, ನಿರ್ಭಯವಾಗಿ ತಿನ್ನಿ’. ತಳದಲ್ಲಿ ಇರುವೆಗಾತ್ರದ ಇಂಗ್ಲಿಷಿನಲ್ಲಿ ‘ಸಾರ್ಬಿಟಾಲ್’ ಎಂಬ ಬದಲಿ ಸಿಹಿಯ ಹೆಸರು. ನಂಬಿ ಕೊಂಡವನ ಕಾಲ್ಬೆರಳನ್ನು ಪಣಕ್ಕಿಡುವ ಇಂಥ ವ್ಯಾಪಾರವನ್ನು ಜಾಣತನವೆಂದು ಕರೆಯುವುದೂ ಅಧರ್ಮ. ಎಂದೂ ದನಿಯೆತ್ತದ ವೈದ್ಯರು ಡಬ್ಬಿಯ ಮುಚ್ಚಳವನ್ನು ಸಿಟ್ಟಿನಿಂದ ಒತ್ತಿ ಮುಚ್ಚಿದರು. ಆ ಸಿಟ್ಟಿನ ಒಂದು ಹನಿಯನ್ನೂ ಅವರು ದಂಪತಿಗಳ ಮೇಲೆ ಚೆಲ್ಲಲಿಲ್ಲ.

“ಇದು ಸಕ್ಕರೆಗೆ ತಮ್ಮ ಇದ್ದಂಗೆ ಕಣಮ್ಮ, ಹೊಟ್ಟೆ ಕೆಡ್ಸೋದೂ ಇದೇ. ಅರ್ಧದಷ್ಟಾದ್ರೂ ಲೆಕ್ಕಕ್ಕೆ ಹಿಡೀಬೇಕು. ಒಳಗಿರೋ ಖೋವಾ, ಮೈದಾದ್ದು ಪೂರ್ತಿ ಲೆಕ್ಕ.”

ನಾಗಲಕ್ಷ್ಮಮ್ಮನವರ ನಗು ಆರಿತು. “ಪಾಪ ಅಂತ ನಾನೇ ತರ್ಸಿ ತಿನ್ಸಿದ್ನಲ್ಲಾ ಸಾ.”

“ತಿನ್ಸಿದ್ದು ನೀವಲ್ಲ, ಈ ಡಬ್ಬಿ. ಶಾಸ್ತ್ರದ ದಿನ ಒಂದು ತಿನ್ಲಿ. ಅದಕ್ಕೆ ತಕ್ಕಷ್ಟು ಮುದ್ದೆ ಮುರಿದಿಡಿ.”

“ಮುದ್ದೆಗೂ ಕೈ ಹಾಕಿದ್ರಾ,” ಎಂದು ಬಚ್ಚಪ್ಪನವರು ಗೊಣಗಿದರು.

ಗೊಣಗಿದರೂ ಪಾಲಿಸಿದರು. ಸಕ್ಕರೆ ಇಳಿಯಿತು, ಹುಣ್ಣು ಮಾಯಿತು, ಬೆರಳು ಉಳಿಯಿತು. ವೈದ್ಯರೋ, ಡಬ್ಬಿಯ ಮೇಲಿನ ಆ ‘ನಿರ್ಭಯ’ವನ್ನು ಅಳಿಸುವ ತನಕ ಬೆಂಗಳೂರಿನ ಆ ಅಂಗಡಿಯವನ ಬೆನ್ನು ಬಿಡಲಿಲ್ಲ.

ಮೊನ್ನೆ ಆ ಮನೆಯ ಮಗ್ಗಕ್ಕೆ ಮತ್ತೆ ಹಾಸು ಏರಿತು. ಕಾಲಿನ ಹತ್ತೂ ಬೆರಳೂರಿ ನಿಂತ ಬಚ್ಚಪ್ಪನವರು ಪೇಡವನ್ನು ಮುರಿದು ಅರ್ಧವನ್ನು ವೈದ್ಯರ ಕೈಗಿಟ್ಟರು. “ರಾತ್ರಿ ನೀವೂ ಮುದ್ದೆ ಮುರ್ದಿಡಿ ಸಾ.” ವೈದ್ಯರು ವಿಧೇಯ ರೋಗಿಯಂತೆ ತಲೆಯಾಡಿಸಿದರು.

ಆ ವಿನಯ ನೂರ್ಕಾಲ ಬಾಳಲಿ. ವಿಶ್ರಾಂತಿಯ ದಿನಗಳಲ್ಲೂ ಅವರು ನಮ್ಮ ತಟ್ಟೆಗಳ ಲೆಕ್ಕ ಕೇಳುತ್ತಿರಲಿ.