ಅಪ್ಪನ ಭೋಂಗಾ

ನಿಪ್ಪಾಣಿಯ ನಮ್ಮ ಮನೆಯ ಗೋಡೆಗೊಂದು ಗಡಿಯಾರವಿತ್ತು. ಅದನ್ನು ಯಾರೂ ನಂಬುತ್ತಿರಲಿಲ್ಲ. ಕೀಲಿ ಕೊಟ್ಟರೆ ಅರ್ಧ ದಿನ ನಡೆದು ಮಧ್ಯಾಹ್ನದ ನಿದ್ದೆಗೆ ನಿಂತುಬಿಡುವ ಆ ಮಹಾಶಯನ ಹಂಗು ನಮಗೇಕೆ ಹೇಳಿ, ಓಣಿಯಾಚೆ ನೂಲಿನ ಗಿರಣಿಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಇರುವಾಗ? ಅಪ್ಪ ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ. ಮೊದಲ ಸಲ ಭೋಂಗಾ ಕೂಗಿದರೆ ಅವ್ವ ಒಲೆ ಹಚ್ಚಬೇಕು, ಎರಡನೆಯ ಸಲಕ್ಕೆ ಅಪ್ಪ ಡಬ್ಬಿ ಹಿಡಿದು ಹೊರಡಬೇಕು, ಮೂರನೆಯದಕ್ಕೆ ನಾನು ಶಾಲೆಯ ಚೀಲ ಹೆಗಲಿಗೇರಿಸಬೇಕು. ಇಡೀ ಓಣಿ ಹೀಗೆಯೇ ನಡೆಯುತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಗಿರಣಿ ಮುಚ್ಚಿತು. ದೊಡ್ಡವರ ಕೆಲಸ ಹೋಯಿತು, ನಮ್ಮ ವೇಳೆ ಹೋಯಿತು. ಆ ವಾರ ನಾಲ್ಕು ದಿನ ಶಾಲೆಗೆ ತಡವಾಗಿ ಹೋದೆ. ಓಣಿಯ ಮಕ್ಕಳೆಲ್ಲ ನನ್ನ ಹಿಂದೆಮುಂದೆಯೇ ಬಂದರು. ಬೀಡಿ ಕಟ್ಟುತ್ತಿದ್ದ ಅವ್ವ, ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರೆ ಮನೆ ಹೇಗೋ ನಡೆದೀತು ಎನ್ನತೊಡಗಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ನನಗೋ ಶಾಲೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಐದನೆಯ ದಿನ ನಮ್ಮ ತರಗತಿಯ ಅಕ್ಕೋರು ಅಪ್ಪನನ್ನು ಕರೆಸಿದರು. ಮೊದಲು ತಡ, ಆಮೇಲೆ ಗೈರುಹಾಜರಿ, ಕೊನೆಗೆ ಹೆಸರೇ ಇಲ್ಲ. ಕೆಲಸ ಹೋದ ಮನೆಗಳ ಮಕ್ಕಳು ಹೀಗೆ ಕಳಚಿಕೊಳ್ಳುವುದನ್ನು ಅವರು ಕಂಡಿದ್ದರು. ಹುಡುಗಿಯನ್ನು ಬಿಡಿಸುತ್ತೀರಾ ಎಂದು ನೇರವಾಗಿಯೇ ಕೇಳಿದರು. ಅಪ್ಪ ನನ್ನತ್ತ ತಿರುಗಿ, ತಡವೇಕೆ ಎಂದ. ಭೋಂಗಾ ಆಗಲೇ ಇಲ್ಲವಲ್ಲ ಎಂದೆ. ಅವನು ಮತ್ತೆ ಅಕ್ಕೋರತ್ತ ತಿರುಗಿದ.

"ಗಿರಣಿ ನಿಂತೈತ್ರಿ ಅಕ್ಕೋರ. ಇಕಿ ಸಾಲಿ ನಿಂದ್ರೂದಿಲ್ಲ," ಎಂದ.

ನಾನು ಅಲ್ಲಿಯೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಪೆಟ್ಟಿಗೆಯಲ್ಲಿಟ್ಟಿದ್ದ ಮದುವೆಯ ಕೈಗಡಿಯಾರ ಕಟ್ಟಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಓಣಿಯ ತುದಿಯಲ್ಲಿ ನಿಂತ. ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು 'ಭೋಂ...' ಎಂದು ಕೂಗಿದ. ನಾಯಿಗಳು ಬೊಗಳಿದವು, ಮಕ್ಕಳು ಓಡಿಬಂದರು, ಅವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡಳು.

"ಮಂದಿ ನಗಾಕತ್ತಾರ," ಎಂದಳು.

"ನಗಲಿ ಬಿಡ. ಎದ್ದಾರಲ್ಲ," ಎಂದ ಅಪ್ಪ.

ಅವ್ವ ಬೀಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದೆ ಅಪ್ಪ ಬಸ್‌ಸ್ಟ್ಯಾಂಡಿನೆದುರು ಚಹಾದ ಗಾಡಿ ಹಾಕಿದ. ಆದರೂ ನಾನು ಹತ್ತನೆಯದು ಮುಗಿಸುವವರೆಗೆ ದಿನವೂ ಓಣಿಯ ತುದಿಯಲ್ಲಿ ಕೂಗಿಯೇ ಗಾಡಿಗೆ ಹೋಗುತ್ತಿದ್ದ. ನೌಕರಿಯೆಂದರೆ ಸಂಬಳವಷ್ಟೇ ಎಂದುಕೊಳ್ಳುತ್ತೇವೆ ಗೆಳೆಯರೇ. ಮನೆಯವರು ಏಳುವ, ಉಣ್ಣುವ, ಓದುವ ಹೊತ್ತುಗಳನ್ನೂ ಅದೇ ಹಿಡಿದಿರುತ್ತದೆ ಎಂಬುದು ಅದು ಹೋದಾಗಲೇ ತಿಳಿಯುವುದು. ಸಂಬಳ ತರಲಾಗದ ದಿನಗಳಲ್ಲಿ ಅಪ್ಪ ನಮಗೆ ಹೊತ್ತನ್ನು ತಂದುಕೊಟ್ಟ.

ಈಗ ನಾನೇ ಚಿಕ್ಕೋಡಿಯ ಶಾಲೆಯೊಂದರಲ್ಲಿ ಅಕ್ಕೋರು. ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಮೊದಲು, ಮನೆಯಲ್ಲಿ ಏನು ನಿಂತಿದೆ ಎಂದು ಕೇಳುತ್ತೇನೆ. ಆ ಹಳೆಯ ಗಡಿಯಾರವೂ ನನ್ನ ಮನೆಗೆ ಬಂದಿದೆ, ತನ್ನ ಮಧ್ಯಾಹ್ನದ ನಿದ್ದೆಯ ಸಮೇತ.

ಕಳೆದ ತಿಂಗಳು ಅಪ್ಪ ಬಂದಿದ್ದ. ಬೆಳಿಗ್ಗೆ ಮೊಬೈಲಿನ ಅಲಾರಂ ಹೊಡೆದರೂ ನನ್ನ ಮಗಳು ಮಗ್ಗುಲು ಬದಲಿಸಿ ಮಲಗಿದಳು. ಅಷ್ಟರಲ್ಲಿ ಪಡಸಾಲೆಯಿಂದ, ಹಲ್ಲು ಬಿದ್ದ ಬಾಯಿಯ ಗಾಳಿ ಸೋರುತ್ತ, 'ಭೋಂ...' ಕೇಳಿಸಿತು. ಮಗಳು ನಗುತ್ತ ಎದ್ದು ಕುಳಿತಳು. ಒಲೆಯ ಮುಂದಿದ್ದ ನನ್ನ ಕೈ ತಾನಾಗಿ ಹೆಗಲಿಗೆ ಹೋಗಿ, ಅಲ್ಲಿ ಇಲ್ಲದ ಚೀಲವನ್ನು ಸರಿಮಾಡಿಕೊಂಡಿತು.